ಸ್ಪಷ್ಟನೆ: ನನ್ನ ಕಾದಂಬರಿ ಕೊಂಡರೆ ಯಾರಿಗೂ ಹಾಸಿಗೆ ಸಿಗುವುದಿಲ್ಲ

‘ಈ ಕಾದಂಬರಿಯ ಒಂದು ಪ್ರತಿ ಕೊಂಡರೆ ಮೈಸೂರಿನ ಬೀದಿಯಲ್ಲಿ ಮಲಗುವ ಒಬ್ಬರಿಗೆ ಒಂದು ರಾತ್ರಿಯ ಹಾಸಿಗೆ’ ಎಂಬ ವಾಟ್ಸ್‌ಆ್ಯಪ್ ಸಂದೇಶ ನನ್ನ ಹೆಸರಿನಲ್ಲಿ ಹರಿದಾಡುತ್ತಿದೆ. ಅದು ಸುಳ್ಳು. ನಾನಾಗಲಿ ಪ್ರಕಾಶಕರಾಗಲಿ ಹಾಗೆ ಹೇಳಿಲ್ಲ.

ವಸತಿರಹಿತರ ಆಶ್ರಯ ಕೇಂದ್ರಗಳಿಗೆ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಡಿ ಸರ್ಕಾರವೇ ಹಣ ಕೊಟ್ಟಿದೆ. ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಮಂದಿ ತಂಗುವಷ್ಟು ವ್ಯವಸ್ಥೆ, ಒಬ್ಬರಿಗೆ 50 ಚದರ ಅಡಿ ಜಾಗ ಎಂದು ಅದರ ಮಾರ್ಗಸೂಚಿ ಹೇಳಿತ್ತು. ಅಷ್ಟು ಇದೆಯೇ ಎಂದು ಪಾಲಿಕೆಯನ್ನು ಕೇಳಬೇಕೇ ಹೊರತು ಕಾದಂಬರಿಕಾರನನ್ನಲ್ಲ.

ಪುಸ್ತಕದ ಗೌರವಧನ ನನ್ನ ಸಂಸಾರಕ್ಕೆ (ಅದಾದರೂ ಎಷ್ಟಿದ್ದೀತು!). ರೈಲು ನಿಲ್ದಾಣದ ಬಳಿ ನಾವು ಹಂಚುವ ಕಂಬಳಿ ಗೆಳೆಯರ ಚಂದಾ ಹಣದ್ದು. ಅಲ್ಲಿಗೆ ಪುಸ್ತಕ ಒಯ್ಯುವುದಿಲ್ಲ, ಮಲಗಿದವರ ಫೋಟೊ ತೆಗೆಯುವುದಿಲ್ಲ. ಸಂದೇಶದಲ್ಲಿರುವ ಕ್ಯೂಆರ್ ಕೋಡ್ ನಮ್ಮದಲ್ಲ. ದಯವಿಟ್ಟು ಹಣ ಹಾಕಬೇಡಿ.