ಹಿತ್ತಲ ಗಿಡಕ್ಕೆ ಮಾರ್ಕ್ಸಿಲ್ಲ

ಗಣೇಶನ ಹಬ್ಬಕ್ಕೆ ಒಂದು ವಾರ ಇರುವಾಗ ಎದುರುಮನೆಯವರು ಇಬ್ಬರು ಆಳಿಟ್ಟು ಅಂಗಳದ ಗರಿಕೆಯನ್ನೆಲ್ಲ ಬೇರುಸಮೇತ ಕೀಳಿಸಿದರು. ಕೂಲಿ 1600 ರೂಪಾಯಿ, ಎರಡು ಸಲ ಟೀ ಬೇರೆ. ಹಬ್ಬದ ಬೆಳಿಗ್ಗೆ ಸ್ಕೂಟರ್ ಹತ್ತಿ ದೇವರಾಜ ಮಾರ್ಕೆಟ್ಟಿಗೆ ಹೋಗಿ ಗರಿಕೆ ತಂದರು. ‘ಇಷ್ಟು ಹುಲ್ಲಿಗೆ 20 ರೂಪಾಯಿ ಸಾರ್, ಅನ್ಯಾಯ ಅಲ್ವಾ?’ ಅಂತ ಗೇಟಿನಲ್ಲೇ ನಿಂತು ಕಟ್ಟು ಎತ್ತಿ ತೋರಿಸಿದರು. ಹೌದು, ಪಾಪ, ಅಂದೆ. ಯಾರು ಪಾಪ ಅಂತ ಅವರು ಕೇಳಲಿಲ್ಲ.

ಗರಿಕೆ ಕಿತ್ತಿದ್ದು ದಸರೆಯ ಮನೆ ತೋಟದ ಸ್ಪರ್ಧೆಗೆ. ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನದ ಬಗ್ಗೆ ನನ್ನದೇನೂ ತಕರಾರಿಲ್ಲ. ವರ್ಷಕ್ಕೊಮ್ಮೆ ಹೋಗಿ, ನೂಕಾಡಿ, ಹೊರಗೆ ಬಂದು ಚುರುಮುರಿ ತಿಂದು ಬರುವವನೇ ನಾನೂ. ತಕರಾರು ಇರುವುದು ಅದನ್ನೂ ಬೃಂದಾವನವನ್ನೂ ಮೂವತ್ತು-ನಲವತ್ತು ಸೈಟಿನಲ್ಲಿ ಎಬ್ಬಿಸಲು ಹೊರಟವರ ಮೇಲೆ. ಬೃಂದಾವನಕ್ಕೆ 60 ಎಕರೆ ಜಾಗ, ಬೆನ್ನಿಗೆ ಕನ್ನಂಬಾಡಿ ಕಟ್ಟೆ. ನಮ್ಮ ಬೀದಿಗೆ ನೀರು ಬರೋದು ದಿನ ಬಿಟ್ಟು ದಿನ.

ನಮ್ಮ ಬಡಾವಣೆಯಲ್ಲಿ ತೋಟ ಮಾಡುವ ಕ್ರಮವೇ ಬೇರೆ. ಮೊದಲು ಅಂಗಳಕ್ಕೆಲ್ಲ ಇಂಟರ್‌ಲಾಕ್ ಟೈಲ್ಸ್ ಹಾಕಿಸಬೇಕು. ಮಣ್ಣು ಗಲೀಜು ನೋಡಿ! ಆಮೇಲೆ ಅದರ ಮೇಲೆ ಕುಂಡ ಜೋಡಿಸಿ, ಒಳಗೆ ತುಂಬಲು ಮೂಟೆ ಲೆಕ್ಕದಲ್ಲಿ ಕೆಂಪು ಮಣ್ಣು ತರಿಸಬೇಕು. ಬಿದ್ದ ಎಲೆಯನ್ನು ಬೆಳಿಗ್ಗೆ ಕಸದ ಗಾಡಿಗೆ ಕೊಡಬೇಕು. ಮೈಸೂರು 2016ರಲ್ಲಿ ದೇಶಕ್ಕೇ ಮೊದಲ ಸ್ವಚ್ಛ ನಗರ ಆದದ್ದು, ಮರದಡಿ ಎಲೆ ಬಿದ್ದಿರಬಹುದಾ? ಸಂಜೆ ಅದೇ ಎಲೆ ಕೊಳೆತ ಗೊಬ್ಬರವನ್ನು ಪ್ಯಾಕೆಟ್ಟಿನಲ್ಲಿ ಕೊಂಡು ತರಬೇಕು.

ಅಷ್ಟಾದರೂ ಗಿಡ ಹೇಳಿದ ದಿನಕ್ಕೆ ಹೂ ಬಿಡಲ್ಲ. ಅದಕ್ಕೇ ಬಾಡಿಗೆ ಕುಂಡ. ಎರಡು ದಿನದ ಮಟ್ಟಿಗೆ ಟೆಂಪೋದಲ್ಲಿ ಬರುತ್ತವೆ, ಜಾಜು ಬಳಿದ ಹಸಿ ಇನ್ನೂ ಕೈಗೆ ಅಂಟುತ್ತಿರುತ್ತದೆ. ಅದರಲ್ಲಿ ಒಂದು ಡೇಲಿಯಾ ನನಗೆ ಚೆನ್ನಾಗಿ ಪರಿಚಯ. ಮುರಿದ ದಂಟಿಗೆ ಕಪ್ಪು ಇನ್ಸುಲೇಷನ್ ಟೇಪು ಸುತ್ತಿದ್ದರು. ಬೆಳಿಗ್ಗೆ ಮೂಲೆಮನೆಯಲ್ಲಿತ್ತು, ಮಧ್ಯಾಹ್ನ ಎದುರುಮನೆಯಲ್ಲಿ. ಮೂಲೆಮನೆಯಲ್ಲಿ ಅದಕ್ಕೆ ಏಳು ಮಾರ್ಕ್ಸು, ಎದುರುಮನೆಯಲ್ಲಿ ಒಂಬತ್ತು. ದಾರಿಯಲ್ಲೇ ಸುಧಾರಿಸಿಕೊಂಡಿರಬೇಕು.

ನನ್ನ ಮಗಳು ತಮಾಷೆಗೆ ಅಂತ ನಮ್ಮ ಹಿತ್ತಲಿಗೂ ಅರ್ಜಿ ಹಾಕಿಬಿಟ್ಟಿದ್ದಳು. ಹಿತ್ತಲು ಅಂದರೆ ಇಷ್ಟೇ: ಗೋಡೆಗೆ ಒರಗಿಕೊಂಡ ಒಂದು ಸೀಬೆ, ತಾನಾಗೇ ಹುಟ್ಟಿದ ಕರಿಬೇವು, ಒಡೆದ ಬಕೆಟ್ಟಿನಲ್ಲಿ ಈರನಗೆರೆ ಬದನೆ, ಸಂಪಿನ ಪೈಪಿಗೆ ಹಬ್ಬಿದ ಮಲ್ಲಿಗೆ. ಮಿಕ್ಕಿದ್ದಕ್ಕೆಲ್ಲ ಮಳೆಯೇ ಮಾಲಿ. ನಾನು ಸೀಬೆ ಅಡಿ ಕುರ್ಚಿ ಹಾಕಿ ಪೇಪರ್ ಓದುತ್ತೇನೆ. ಬದನೆಗೆ ಬಂದ ಹುಳಕ್ಕೆ ಅದರ ಪಾಲು ಬಿಟ್ಟು ಮಿಕ್ಕಿದ್ದನ್ನು ನಾವು ತಿನ್ನುತ್ತೇವೆ. ಜಗಳ ಇಲ್ಲ.

ತೀರ್ಪುಗಾರರು ಬಂದವರೇ ಬಾಗಿಲಲ್ಲೇ ನಿಂತರು. ‘ಗಾರ್ಡನ್ ಎಲ್ಲಿ ಸಾರ್?’

‘ನೀವು ಅದರ ಮೇಲೇ ನಿಂತಿದ್ದೀರಿ.’

ಅವರು ತಟ್ಟನೆ ಕಾಲು ಎತ್ತಿದರು. ಕೆಳಗೆ ಹೊನಗೊನ್ನೆ ಇತ್ತು. ‘ಇದೆಲ್ಲ ಕಳೆ ಅಲ್ವಾ? ಥೀಮ್ ಏನು? ಗಿಡಕ್ಕೆ ಹೆಸರಿನ ಚೀಟಿನೂ ಇಲ್ಲ.’ ಮಾನ ಉಳಿಸಿಕೊಳ್ಳೋಣ ಅಂತ ಪೈಪಿನ ಕಡೆ ಕೈ ತೋರಿಸಿ, ‘ಅದು ಮೈಸೂರು ಮಲ್ಲಿಗೆ ಸಾರ್. ಈ ಊರಿನದೇ ಅಂತ ಸರ್ಕಾರ ಕೊಟ್ಟ ಜಿಐ ಟ್ಯಾಗ್ ಇರೋದು’ ಅಂದೆ. ಅವರು ಬಗ್ಗಿ ಎರಡು ಎಲೆ ಸರಿಸಿ, ‘ಟ್ಯಾಗ್ ಕಾಣ್ತಾ ಇಲ್ವಲ್ಲ’ ಅಂದರು. ಹಾಳೆಯಲ್ಲಿ ‘ಕಳೆ ನಿರ್ವಹಣೆ’ ಅಂತ ಒಂದು ಕಾಲಂ ಇತ್ತು, ಇಪ್ಪತ್ತು ಮಾರ್ಕ್ಸಿಗೆ. ಅದರಲ್ಲಿ ಒಂದು ದುಂಡನೆಯ ಸೊನ್ನೆ ಬಿತ್ತು.

ಪಾಂಡವಪುರದಿಂದ ಬಂದಿದ್ದ ನಮ್ಮ ದೊಡ್ಡಮ್ಮ ಇದ್ಯಾವುದೂ ತನಗೆ ಸೇರಿದ್ದಲ್ಲ ಅನ್ನೋ ಹಾಗೆ ಮೂಲೆಯಲ್ಲಿ ಕೂತು ಸೆರಗಿನ ತುಂಬ ಬೆರಕೆ ಸೊಪ್ಪು ಕೀಳುತ್ತಿದ್ದರು. ಹೊನಗೊನ್ನೆ, ಅಣ್ಣೆ, ಗೋಣಿ ಸೊಪ್ಪು, ಕೈಗೆ ಸಿಕ್ಕಿದ್ದೆಲ್ಲ. ‘ಇಷ್ಟು ಎಳೇದು ನಮ್ಮ ಹೊಲದಾಗೂ ಸಿಕ್ಕಕಿಲ್ಲ ಕಣ್ಲಾ’ ಅಂತ ನನಗೆ ಹೇಳಿ, ಬಂದವರ ಕಡೆ ತಿರುಗಿ, ‘ಉಪ್ಸಾರಿಗೆ ಇಟ್ಟಿವ್ನಿ, ಒಂದು ಮುದ್ದೆ ಉಂಡ್ಕಂಡೋಗಿ ಸ್ವಾಮಿ’ ಅಂದರು.

ತೀರ್ಪುಗಾರರು ವಾಚು ನೋಡಿಕೊಂಡರು. ಇನ್ನೂ ಹನ್ನೊಂದು ಮನೆ ಬಾಕಿ ಇದೆಯಂತೆ. ಅಷ್ಟರಲ್ಲಿ ಒಳಗಿಂದ ಬೆಳ್ಳುಳ್ಳಿ ಖಾರ ಅರೆಯುವ ಘಮ ಬಂತು. ‘ನಮ್ಮೂರೂ ಆ ಕಡೇನೇ ಅಮ್ಮ. ಇದು ತಿಂದು ಎಷ್ಟು ವರ್ಷ ಆಯ್ತೋ’ ಅಂದರು. ದೊಡ್ಡಮ್ಮ ಕೇಳಿಸಿಕೊಂಡು ಸುಮ್ನೆ ಇರುವವರಲ್ಲ. ಎರಡು ಹಿಡಿ ಸೊಪ್ಪನ್ನು ನನ್ನ ಅವತ್ತಿನ ಪೇಪರಿನಲ್ಲೇ ಸುತ್ತಿ ಅವರ ಕೈಗಿಟ್ಟರು. ಅವರು ಅದನ್ನು ಮಾರ್ಕ್ಸ್ ಹಾಳೆಯ ಜೊತೆಗೇ ಕಂಕುಳಲ್ಲಿ ಇರುಕಿಕೊಂಡು, ಈ ಸಲ ಹೊನಗೊನ್ನೆ ಮೇಲೆ ಕಾಲಿಡದೆ ದಾಟಿಕೊಂಡು ಹೋದರು.

ಸೊನ್ನೆ ತಿದ್ದಲಿಲ್ಲ.