ರೇಡಿಯೊ ಹೊತ್ತು ಬೆಟ್ಟ ಹತ್ತುವ ಮೊದಲು, ಕೇಳುವವರು ಎಲ್ಲಿದ್ದಾರೆ ನೋಡಿ

ಹ್ಯಾಮ್ ಗೆಳೆಯರ ನಡುವೆ 'ಈ ಸಲ ಯಾವ ಬೆಟ್ಟ?' ಅನ್ನೋ ಮಾತು ಬಂದರೆ ಸಾಕು, ಮೊದಲ ಉತ್ತರ ಮುಳ್ಳಯ್ಯನಗಿರಿ. 1,930 ಮೀಟರ್, ಕರ್ನಾಟಕದಲ್ಲೇ ಎತ್ತರ. ಎತ್ತರ ಹೋದಷ್ಟೂ ಸಿಗ್ನಲ್ ದೂರ ಹೋಗುತ್ತೆ, ಅಲ್ವಾ? ನನ್ನ ತಕರಾರು ಇರುವುದು ಈ ಲೆಕ್ಕದ ಮೇಲೇ.

ಗೊತ್ತಿಲ್ಲದವರಿಗೆ ಒಂದು ಮಾತು. ಸರ್ಕಾರದ ಪರೀಕ್ಷೆ ಪಾಸ್ ಮಾಡಿ, ಲೈಸೆನ್ಸ್ ಮತ್ತು ಕಾಲ್ ಸೈನ್ (ರೇಡಿಯೊದಲ್ಲಿ ಹೇಳಿಕೊಳ್ಳುವ ಗುರುತು) ಪಡೆದು, ಹವ್ಯಾಸಕ್ಕಾಗಿ ರೇಡಿಯೊದಲ್ಲಿ ಮಾತಾಡುವವರು ಹ್ಯಾಮ್‌ಗಳು. ಅವರಲ್ಲಿ ಕೆಲವರಿಗೆ ಮನೆಯ ಟೆರೇಸು ಸಾಲುವುದಿಲ್ಲ. ಚಿಕ್ಕ ಸೆಟ್ಟು, ಬ್ಯಾಟರಿ, ತಂತಿ ಬೆನ್ನಿಗೇರಿಸಿ ಬೆಟ್ಟದ ತುದಿಗೆ ಹೋಗಿ ಅಲ್ಲಿಂದ ಕರೆಯುತ್ತಾರೆ. 2002ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ 'ಸೋಟಾ' (ಸಮ್ಮಿಟ್ಸ್ ಆನ್ ದಿ ಏರ್) ಈ ಹುಚ್ಚಿಗೆ ಒಂದು ಶಿಸ್ತು ತಂದಿತು. ಗಾಡಿಯಲ್ಲಿ ಕೂತು ಮಾತಾಡಿದರೆ ಲೆಕ್ಕಕ್ಕಿಲ್ಲ. ಜನರೇಟರ್ ನಡೆಯದು. ಸಾಮಾನೆಲ್ಲ ನೀವೇ ಹೊತ್ತು ತರಬೇಕು. ಅಂಕ ಬೇಕಾದರೆ ಕನಿಷ್ಠ ನಾಲ್ಕು ಬೇರೆ ಬೇರೆ ಸ್ಟೇಷನ್ ಜತೆ ಮಾತಾಗಬೇಕು. ಅಂಕದ ಆಸೆ ಇಲ್ಲದವರಿಗೂ ಇವು ಒಳ್ಳೆಯ ನಿಯಮಗಳೇ.

ಈಗ ಎತ್ತರದ ವಿಷಯ. ಎರಡು ಮೀಟರ್ ಬ್ಯಾಂಡ್, ಅಂದರೆ 144ರಿಂದ 146 ಮೆಗಾಹರ್ಟ್ಸ್, ಹೆಚ್ಚು ಕಡಿಮೆ ನೇರ ದೃಷ್ಟಿಯ ವ್ಯವಹಾರ. ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 4.12ರಿಂದ ಗುಣಿಸಿ. ರೇಡಿಯೊ ದಿಗಂತ, ಅಂದರೆ ಸಿಗ್ನಲ್ ನೇರವಾಗಿ ಮುಟ್ಟುವ ಗಡಿ, ಎಷ್ಟು ಕಿಲೋಮೀಟರ್ ದೂರ ಅನ್ನೋದು ಸಿಗುತ್ತದೆ. 1,930 ಹಾಕಿದರೆ ಸುಮಾರು 180 ಕಿ.ಮೀ. ಕೇಳಕ್ಕೆ ಚೆಂದ. ಆದರೆ ಬೆಂಗಳೂರಿನವರು ಸಮುದ್ರದ ಮಟ್ಟದಲ್ಲಿ ಕೂತಿಲ್ಲವಲ್ಲ. ಅವರೇ 900 ಮೀಟರ್ ಮೇಲಿದ್ದಾರೆ. ಆ ದಿಕ್ಕಿಗೆ ನಿಮ್ಮ ಬೆಟ್ಟ ಬರೀ ಸಾವಿರ ಮೀಟರಿನದು. ದಿಗಂತ 130 ಕಿ.ಮೀ.ಗೆ ಇಳಿಯಿತು. ಬೆಂಗಳೂರು ಇರುವುದು 200 ಕಿ.ಮೀ. ಆಚೆ.

ಸರಿ, ಕರಾವಳಿ ಕಡೆ ತಿರುಗೋಣ. ಮಂಗಳೂರು ನೇರ ಗೆರೆಯಲ್ಲಿ 110 ಕಿ.ಮೀ. ಆಸುಪಾಸು. ಅಲ್ಲಿ ಸಮುದ್ರ ಮಟ್ಟವೇ, ಪೂರ್ತಿ ಎತ್ತರ ನಿಮ್ಮದು. ನಕ್ಷೆಯಲ್ಲಿ ಆ ಗೆರೆ ಎಳೆದು ನೋಡಿ. ಸುಮಾರು ನಡುದಾರಿಯಲ್ಲಿ 1,894 ಮೀಟರಿನ ಕುದುರೆಮುಖ ಗೋಡೆ ಹಾಗೆ ನಿಂತಿದೆ. ಅಂಚಿನ ಮೇಲೆ ಬಾಗಿ ಒಂದಿಷ್ಟು ಸಿಗ್ನಲ್ ದಾಟಬಹುದು. ಅದನ್ನು ನಂಬಿ ಬೆಟ್ಟ ಹತ್ತಬೇಕಾ?

ಇದೇ ಲೆಕ್ಕವನ್ನು ಕೊಡಚಾದ್ರಿಗೆ ಮಾಡಿ. 1,343 ಮೀಟರ್. ಮುಳ್ಳಯ್ಯನಗಿರಿಗಿಂತ ಸುಮಾರು 600 ಮೀಟರ್ ಗಿಡ್ಡ. ಆದರೆ ಅದು ಘಟ್ಟದ ಅಂಚಿನಲ್ಲೇ ನಿಂತಿದೆ. ಪಶ್ಚಿಮಕ್ಕೆ ಬೈಂದೂರು, ಕುಂದಾಪುರ, ತೆಂಕಕ್ಕೆ ಉಡುಪಿ, ಎಲ್ಲ ಕೆಳಗೆ ಬಿದ್ದುಕೊಂಡಿದೆ. ದಿಗಂತ 150 ಕಿ.ಮೀ. ಕರಾವಳಿಯ ಹ್ಯಾಮ್‌ಗಳನ್ನು ಮಾತಾಡಿಸಬೇಕು ಅಂದರೆ ನನ್ನ ಮತ ಕೊಡಚಾದ್ರಿಗೇ. (ತುದಿಯ ಸರ್ವಜ್ಞ ಪೀಠದ ಕಲ್ಲು ಮಂಟಪಕ್ಕೆ ದಯವಿಟ್ಟು ತಂತಿ ಕಟ್ಟಬೇಡಿ. ಜನ ಕೈ ಮುಗಿಯುವ ಜಾಗ ಅದು.) ಬೆಂಗಳೂರಿನವರು ಬೇಕಾ? ಸಾವನದುರ್ಗ, ಶಿವಗಂಗೆ, ನಂದಿ ಸಾಕು. ಎಲ್ಲ ಊರಿನ ಪಕ್ಕದಲ್ಲೇ ಇವೆ. ಐದು ವಾಟ್ ಹ್ಯಾಂಡ್‌ಸೆಟ್ಟಿಗೇ ಜನ ಸಿಗುತ್ತಾರೆ. ಸಾವನದುರ್ಗ ಬೋಳು ಬಂಡೆ, ಆಂಟೆನಾ ಕಂಬ ಕಟ್ಟಲು ಗೂಟ ಇಳಿಯುವುದಿಲ್ಲ, ಹತ್ತು ಗಂಟೆಯ ಮೇಲೆ ಕಾದ ಕಾವಲಿ. ಬೆಳಕು ಹರಿಯುತ್ತಲೇ ಹತ್ತಿ. ಮಳೆಯಲ್ಲಂತೂ ಬೇಡವೇ ಬೇಡ.

'ನಾವು 7 ಮೆಗಾಹರ್ಟ್ಸ್‌ನಲ್ಲಿ ಮಾಡ್ತೀವಿ, ನಮಗೆ ದಿಗಂತದ ಗೊಡವೆ ಇಲ್ಲ' ಅನ್ನುವವರೂ ಇದ್ದಾರೆ. ನಿಜ. ಅಲ್ಲಿ ಸಿಗ್ನಲ್ ಆಕಾಶಕ್ಕೆ ಹೋಗಿ, ಅಯಾನುಗೋಳಕ್ಕೆ ತಾಗಿ ವಾಪಸ್ ಬರುತ್ತದೆ. ಹಾಗಾದರೆ ಬೆಟ್ಟ ಯಾಕೆ? ಗದ್ದಲ ಇಲ್ಲ ಅಂತ. ಊರಲ್ಲಿ ಎಲ್‌ಇಡಿ ಬಲ್ಬು, ಇನ್ವರ್ಟರ್, ಮೊಬೈಲ್ ಚಾರ್ಜರ್ ಎಲ್ಲ ಸೇರಿ ಬ್ಯಾಂಡ್ ತುಂಬ ಗುಂಯ್ ಅಂತಿರುತ್ತದೆ. ಬೆಟ್ಟದ ಮೇಲೆ ಸೆಟ್ಟು ಹಾಕಿದರೆ ಮೊದಲು 'ಆಂಟೆನಾ ಕಳಚಿಕೊಂಡಿತಾ' ಅನ್ನೋ ಅನುಮಾನ. ಅಷ್ಟು ಮೌನ.

ಆದರೆ ಇದರಲ್ಲೇ ಒಂದು ಎಡವಟ್ಟಿದೆ. ಊರಲ್ಲಿರುವ ಹ್ಯಾಮ್‌ಗಳ ದನಿ ನಿಮಗೆ ಚೆನ್ನಾಗಿ ಕೇಳುತ್ತದೆ. ನಿಮ್ಮದು ಅವರಿಗೆ ಕೇಳುವುದಿಲ್ಲ. ಅವರು ಗದ್ದಲದಲ್ಲಿ ಕೂತಿದ್ದಾರೆ, ನಿಮ್ಮದು ಐದು ವಾಟ್. ಸುಮ್ನೆ ಸಿ.ಕ್ಯೂ. (ಯಾರಾದರೂ ಇದ್ದೀರಾ ಅನ್ನೋ ಕರೆ) ಅಂತ ಗಂಟಲು ಹರಿದುಕೊಂಡರೆ ಆಗುವುದಿಲ್ಲ. ಇಂಥ ಹೊತ್ತಿಗೆ, ಇಂಥ ಫ್ರೀಕ್ವೆನ್ಸಿಯಲ್ಲಿ, ಅದು ಬಿಡುವಿಲ್ಲದಿದ್ದರೆ ಐದು ಕಿಲೋಹರ್ಟ್ಸ್ ಮೇಲೆ ಬರ್ತೀನಿ ಅಂತ ಮೊದಲೇ ಹೇಳಿಟ್ಟಿರಬೇಕು. ತುದಿಗೆ ಹೋಗಿ ಗ್ರೂಪಿಗೆ ಮೆಸೇಜ್ ಹಾಕ್ತೀನಿ ಅನ್ನುವವರನ್ನು ಕಂಡರೆ ನಗು ಬರುತ್ತದೆ. ನೆಟ್‌ವರ್ಕ್ ಸಿಗುತ್ತೆ ಅಂತ ಯಾರು ಹೇಳಿದರು? ಮೋರ್ಸ್ (ಚುಕ್ಕೆ-ಗೆರೆಗಳ ಸದ್ದಿನ ಸಂಕೇತ) ಬರುವವರಿಗೆ ಇಲ್ಲಿ ದೊಡ್ಡ ಲಾಭ. ಮಾತು ಮುಳುಗಿ ಹೋಗುವ ಕಡೆಯೂ ಡಿಟ್ ಡಾ ದಾಟುತ್ತದೆ.

ಸಾಮಾನಿನ ಬಗ್ಗೆ ಜನ ಗಂಟೆಗಟ್ಟಲೆ ಚರ್ಚೆ ಮಾಡುತ್ತಾರೆ. ನನಗೆ ಅದರಲ್ಲಿ ಅಷ್ಟು ಆಸಕ್ತಿ ಇಲ್ಲ. ಐದು ವಾಟಿನ ಸೆಟ್ಟು, 3 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಎರಡು ಗಂಟೆಗೆ ಧಾರಾಳ. 7 ಮೆಗಾಹರ್ಟ್ಸ್‌ಗೆ ಅರ್ಧ ತರಂಗದ ತಂತಿ ಸುಮಾರು 20 ಮೀಟರ್. ನಮ್ಮ ಮಲೆನಾಡಿನ ತುದಿಗಳು ಬರೀ ಹುಲ್ಲು. ಮರ ಇರುವುದು ಕೆಳಗಿನ ಶೋಲೆ ಕಾಡಿನಲ್ಲಿ. ಅದಕ್ಕೇ ಮಡಚುವ ಫೈಬರ್ ಕೋಲು ಒಂದು ಬೇಕೇ ಬೇಕು. ಉಳಿದ ಜಾಗಕ್ಕೆ ನೀರು ತುಂಬಿ. ಎರಡನೇ ಸೆಟ್ಟು ಯಾಕೆ?

ತುದಿಯಲ್ಲಿ ಸೆಲ್ಫಿ ಗುಂಪಿನ ನಡುವೆ ತಂತಿ ಎಳೆದರೆ ಯಾರಾದರೂ ಎಡವುತ್ತಾರೆ. ಸೋಟಾ ನಿಯಮದಲ್ಲಿ ಶಿಖರದಿಂದ 25 ಮೀಟರ್ ಕೆಳಗಿನವರೆಗೂ ಕೂರಬಹುದು. ಅಷ್ಟು ಇಳಿದರೆ ಗಾಳಿಯೂ ಕಮ್ಮಿ, ಜನವೂ ಕಮ್ಮಿ.

ಇನ್ನು ಸಮಯದ ವಿಷಯ. ಅರಣ್ಯ ಇಲಾಖೆಯ ಹಲವು ಚಾರಣ ದಾರಿಗಳಿಗೆ ಈಗ ಆನ್‌ಲೈನ್ ಬುಕಿಂಗ್ ಬೇಕು. ದಿನಕ್ಕೆ ಇಂತಿಷ್ಟೇ ಜನ, ಕತ್ತಲಾಗುವ ಮೊದಲು ಕೆಳಗಿರಬೇಕು. ಇದಕ್ಕೆ ಗೊಣಗುವ ಹ್ಯಾಮ್‌ಗಳನ್ನು ಕಂಡಿದ್ದೇನೆ. ನನಗಂತೂ ಈ ಮಿತಿ ಸರಿ ಅನ್ನಿಸುತ್ತದೆ. ಆಂಟೆನಾ ಕಟ್ಟಿ, ಮಾತಾಡಿ, ಬಿಚ್ಚಲು ಎರಡು ಗಂಟೆ ಬೇಕು. ಕುಕ್ಕೆಯಿಂದ ಕುಮಾರ ಪರ್ವತಕ್ಕೆ ಹೆಚ್ಚು ಕಡಿಮೆ 1,600 ಮೀಟರ್ ಏರು. ಒಂದೇ ದಿನದಲ್ಲಿ ಹತ್ತಿ ಇಳಿಯುವವರಿಗೆ ಆ ಎರಡು ಗಂಟೆ ಎಲ್ಲಿಂದ ಬರಬೇಕು? ಅದು ಚಾರಣದ ಬೆಟ್ಟ. ರೇಡಿಯೊ ಮನೇಲಿಟ್ಟು ಹೋಗಿ, ಖುಷಿಯಾಗಿ ಬನ್ನಿ.

ಲೈಸೆನ್ಸಿನ ಪ್ರತಿ ಜೇಬಲ್ಲಿರಲಿ. ಗೇಟಲ್ಲಿ 'ಇದೇನ್ ಸಾರ್, ವಾಕಿಟಾಕಿನಾ?' ಅಂತ ಕೇಳಿಯೇ ಕೇಳುತ್ತಾರೆ. ಕೇಳಬೇಕಾದದ್ದೇ. ಕಾಡಿನೊಳಗೆ ತಂತಿ, ಕೋಲು ಹೊತ್ತವನನ್ನು ಸುಮ್ಮನೆ ಬಿಟ್ಟರೆ ಅದು ಅವರ ತಪ್ಪು. ಸಮಾಧಾನವಾಗಿ ತೋರಿಸಿ, ಆಂಟೆನಾ ಕಟ್ಟಬಹುದಾ ಅಂತ ಅಲ್ಲೇ ಕೇಳಿಕೊಳ್ಳಿ.

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಮಾತ್ರ ಯಾವ ಬೆಟ್ಟವೂ ಬೇಡ. ಬೋಳು ತುದಿಯಲ್ಲಿ ತಂತಿ ಎತ್ತಿ ಹಿಡಿದು ಸಿಡಿಲಿಗೆ ಕಾಯುವುದು ಹವ್ಯಾಸ ಅಲ್ಲ. ರೇಡಿಯೊದಲ್ಲಿ ಪಟಪಟ ಸದ್ದು ಜಾಸ್ತಿಯಾಯಿತು ಅಂದರೆ ಎಲ್ಲೋ ಗುಡುಗು ಶುರುವಾಗಿದೆ. ನಡೆಯುತ್ತಿರುವ ಮಾತು ಎಷ್ಟೇ ಚೆನ್ನಾಗಿರಲಿ, ಕೇಬಲ್ ಕಿತ್ತು ಇಳಿಯಿರಿ.

ಮಳೆ ಹೋದ ಮೇಲೆ, ನವೆಂಬರಿನಲ್ಲಿ, ಕೊಡಚಾದ್ರಿಗೆ ಹೋಗೋ ಯೋಚನೆ ಇದೆ. ದಿನ ಇನ್ನೂ ಗೊತ್ತು ಮಾಡಿಲ್ಲ. ಬೈಂದೂರಿನಿಂದ ಮಂಗಳೂರಿನವರೆಗೆ ಟೆರೇಸ್ ಮೇಲೆ ಎರಡು ಮೀಟರ್ ಆಂಟೆನಾ ಇರುವವರು ನಿಮಗೆ ಯಾವ ವಾರ, ಎಷ್ಟು ಹೊತ್ತಿಗೆ ಅನುಕೂಲ ಅಂತ ಹೇಳಿ. ಅದನ್ನು ನೋಡಿಕೊಂಡು ಆಮೇಲೆ ಚಾರಣದ ಟಿಕೆಟ್ ಮಾಡ್ತೀನಿ.