ಧೂಳಿಗೆ ಪಾಸ್ ಬೇಡ

ಕೇರಳದ ಗಡಿಜಿಲ್ಲೆ ಕಾಸರಗೋಡಿನ ನಮ್ಮ ಉಪ್ಪಳದ ಗಾಳಿ 'ತೃಪ್ತಿಕರ'ವಂತೆ. ಮೊಬೈಲ್ ಹೇಳಿದೆ, ಹಸಿರು ಬಣ್ಣ ಬೇರೆ ಬಳಿದು ತೋರಿಸಿದೆ. ಪಾಪ, ಅದನ್ನು ಬೈದು ಏನು ಪ್ರಯೋಜನ? ಎಲ್ಲೋ ದೂರದ ಯಂತ್ರದ ಲೆಕ್ಕ, ಮೇಲಿನ ಉಪಗ್ರಹದ ಲೆಕ್ಕ ಎರಡನ್ನೂ ಕೂಡಿಸಿ ಕಳೆದು ಒಂದು ಅಂದಾಜು ಹೇಳುತ್ತದೆ ಅಷ್ಟೆ. ಸರ್ವೀಸ್ ರೋಡಿನ ಪಕ್ಕದ ಹೋಟೆಲಿನ ಗೋಳಿಬಜೆಯ ಮೇಲಿನ ಧೂಳು ಉಪಗ್ರಹಕ್ಕೆ ಕಾಣುವುದಿಲ್ಲ. ನಮಗೆ ಕಾಣುತ್ತದೆ, ಹಲ್ಲಿಗೂ ಸಿಗುತ್ತದೆ.

ಷಟ್ಪಥ ಹೆದ್ದಾರಿ ಬೇಡ ಅಂತ ಯಾರೂ ಹೇಳಿಲ್ಲ ಮಾರಾಯ್ರೇ. ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್, ಗುಡ್ಡ ಕಡಿದರು, ಗದ್ದೆ ತುಂಬಿದರು, ನಾವು ವರ್ಷಗಟ್ಟಲೆ ಕೆಂಪು ಧೂಳನ್ನು ಊಟಕ್ಕೆ ಮೊದಲು ಮತ್ತು ಊಟದ ನಂತರ ಸೇವಿಸಿದೆವು. ನೀರಿನ ಟ್ಯಾಂಕರ್ ಇತ್ತು ಸ್ವಾಮಿ, ಇಲ್ಲ ಅಂದರೆ ನಾಲಿಗೆ ಬಿದ್ದು ಹೋದೀತು. ದೊಡ್ಡವರು ಬರುವ ದಿನ ಅದು ಖಂಡಿತ ಬರುತ್ತಿತ್ತು. ರಸ್ತೆ ಬದಿಯ ಅಂಗಡಿಯವರು ಕೆಮ್ಮು ಅಂತ ಹೋದರೆ ಡಾಕ್ಟರು ಕೇಳುವ ಮೊದಲ ಪ್ರಶ್ನೆ, ಬೀಡಿ ಸೇದ್ತೀರಾ? ಇಲ್ಲ ಡಾಕ್ಟ್ರೇ, ಅಂಗಡಿ ಇಟ್ಟಿದ್ದೇನೆ.

ಮಣ್ಣು ಅಂದಾಗ ನೆನಪಾಯಿತು. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಕರ್ನಾಟಕದವರು ಗಡಿಯ ರಸ್ತೆಗಳಿಗೆ ಲಾರಿಗಟ್ಟಲೆ ಮಣ್ಣು ಸುರಿದು ನಮ್ಮನ್ನು ತಡೆದಿದ್ದರು, ನೆನಪಿದೆ ಅಲ್ವಾ? ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ಜನ ಸತ್ತರು. ಆಮೇಲೆ ಗಡಿ ದಾಟಲು ಪಾಸು, ಅರ್ಜಿ, ಮತ್ತೊಂದು ಅರ್ಜಿ. ಧೂಳಿಗೆ ಅದ್ಯಾವುದೂ ಬೇಡ. ತಲಪಾಡಿಯ ಆ ಕಡೆಯ ಧೂಳು ಈ ಕಡೆಗೆ, ಈ ಕಡೆಯದು ಆ ಕಡೆಗೆ, ರಾಜ್ಯ ಪುನರ್ವಿಂಗಡಣೆ ಆಗಿಯೇ ಇಲ್ಲವೇನೋ ಅನ್ನುವ ಹಾಗೆ ಆರಾಮಾಗಿ ಓಡಾಡುತ್ತದೆ. ಅದನ್ನು ಉಸಿರಾಡಿ ದಮ್ಮು ಕಟ್ಟಿದವರು ಮಾತ್ರ ಈಗಲೂ ಮಂಗಳೂರಿನ ಬಸ್ಸು ಹತ್ತಬೇಕು. ನಮ್ಮದೇ ಜಿಲ್ಲೆಯ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಅಡಿಗಲ್ಲು ಹಾಕಿದ್ದು 2013ರಲ್ಲಿ. ಬಹಳ ಗಟ್ಟಿ ಕಲ್ಲು ಅದು.

ಇನ್ನೊಂದು ತಮಾಷೆ ಇದೆ. ಪಿಎಂ 2.5 ಅಂತಾರಲ್ಲ, ವಾಹನದ ಹೊಗೆಯಲ್ಲಿ ಜಾಸ್ತಿ ಇರುವ, ಕೂದಲಿಗಿಂತ ಎಷ್ಟೋ ಸಣ್ಣ ಕಣ, ಅದು ಶ್ವಾಸಕೋಶದ ತಳಕ್ಕೇ ಇಳಿಯುತ್ತದೆ, ಅಲ್ಲಿಂದ ರಕ್ತಕ್ಕೂ ಸೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು, ವರ್ಷದ ಸರಾಸರಿ ಘನ ಮೀಟರ್‌ಗೆ 5 ಮೈಕ್ರೋಗ್ರಾಂ ದಾಟಬಾರದು ಅಂತ. ನಮ್ಮ ದೇಶದ ಮಿತಿ 40. ಅಂದರೆ ಭಾರತೀಯರ ಶ್ವಾಸಕೋಶ ಎಂಟು ಪಟ್ಟು ಗಟ್ಟಿ ಅಂತ ದೆಹಲಿಯವರಿಗೆ ನಂಬಿಕೆ. ಇಷ್ಟು ದೊಡ್ಡ ಗೌರವವನ್ನು ನಮಗೆ ಇನ್ಯಾರೂ ಕೊಟ್ಟಿಲ್ಲ.

ಅಡಿಕೆಯನ್ನು ನೋಡಿ ಹೊಟ್ಟೆ ಉರಿಯುತ್ತದೆ. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಗೆ ಮೇಲೆ ಪ್ಲಾಸ್ಟಿಕ್ ಮಾಡು, ಸುತ್ತ ಹೊದಿಕೆ. ಧೂಳು ಕೂತರೆ ರೇಟು ಬೀಳುತ್ತದೆ ನೋಡಿ. ಅದೇ ಮನೆಯ ಹುಡುಗ ಹೆದ್ದಾರಿ ಬದಿಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದಾನೆ, ಟಿಪ್ಪರ್ ಹೋದಾಗಲೆಲ್ಲ ಮೂಗಿಗೆ ಯೂನಿಫಾರ್ಮಿನ ಕಾಲರ್ ಎಳೆದುಕೊಳ್ಳುತ್ತಾನೆ. ಅವನಿಗೆ ಮಾರ್ಕೆಟ್ ರೇಟ್ ಇಲ್ಲವಲ್ಲ.

ತಮಾಷೆ ಸಾಕು. ಮಕ್ಕಳ ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ. ಕೆಟ್ಟ ಗಾಳಿ ಕುಡಿದು ಬೆಳೆದರೆ ಅದು ಪೂರ್ತಿ ಬೆಳೆಯುವುದಿಲ್ಲ, ಆಮೇಲೆ ಎಷ್ಟು ಇನ್‌ಹೇಲರ್ ಎಳೆದರೂ ಆ ಬಾಕಿ ತೀರುವುದಿಲ್ಲ. ಇದು ಡಾಕ್ಟರುಗಳಿಗೂ ಗೊತ್ತು, ಕಡತ ನೋಡುವವರಿಗೂ ಗೊತ್ತು. ಹೆದ್ದಾರಿ ಬದಿಯ ಒಂದೊಂದು ಶಾಲೆಯ ಗೋಡೆಗೆ ಗಾಳಿ ಅಳೆಯುವ ಒಂದು ಸಣ್ಣ ಯಂತ್ರ ಹಾಕಲು ಏನು ಕಷ್ಟ? ರಸ್ತೆಗೆ ಸುರಿದ ಕೋಟಿಗಳಲ್ಲಿ ಅದರ ಖರ್ಚು ಲೆಕ್ಕಕ್ಕೇ ಸಿಗದು. ಆದರೆ ಹಾಕಿದರೆ ಅಂಕಿ ಬರುತ್ತದೆ, ಅಂಕಿ ಬಂದರೆ ಯಾರಾದರೂ ಸಹಿ ಹಾಕಿ ಉತ್ತರ ಕೊಡಬೇಕಾಗುತ್ತದೆ. ಅದಕ್ಕಿಂತ ಹುಡುಗನಿಗೆ ಕೆಮ್ಮಿನ ಸಿರಪ್ ಕುಡಿಸುವುದು ಸುಲಭ, ಅದರ ದುಡ್ಡು ಹೇಗೂ ಅವನ ಅಪ್ಪನೇ ಕೊಡುತ್ತಾನೆ.